ಬೇರಮ್ಮ ಮತ್ತು ಬೆವರಿದ ಗಾಜು

ದೊಡ್ಡ ಮೇಡಂ ತನ್ನನ್ನು 'ನೀವು' ಎಂದು ಕರೆದ ದಿನದಿಂದ ಬೇರಮ್ಮನಿಗೆ ತುತ್ತು ಗಂಟಲಲ್ಲಿ ಇಳಿಯದಂತಾಯಿತು.

ಬೈದಿದ್ದರೆ ಪರವಾಗಿರಲಿಲ್ಲ. ಆ ಲ್ಯಾಬಿಗೆ ಸೇರಿದಾಗಿನಿಂದ ಬೈಸಿಕೊಂಡೇ ಕೆಲಸ ಕಲಿತವಳು ಅವಳು. "ಏ ಬೇರಮ್ಮ, ಕಣ್ಣು ಎಲ್ಲಿಟ್ಕೊಂಡು ಅಳತೆ ಮಾಡಿದ್ಯೇ?" ಎಂದು ಮೇಡಂ ಗದರಿದರೆ ಅವಳಿಗೆ ಒಂಥರಾ ಹಾಯೆನಿಸುತ್ತಿತ್ತು. ಆ ಅಡ್ಡಹೆಸರನ್ನು ಇಟ್ಟವರೂ ಅವರೇ. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಗಿಡದ ಬೇರು ನೋಡುತ್ತಾ ಕೂರುವವಳಿಗೆ ಬೇರಮ್ಮ ಅನ್ನದೆ ಇನ್ನೇನು ಅನ್ನಬೇಕು? ಕೊನೆಗೆ ಕಸ ಗುಡಿಸಲು ಬರುವವರೂ ಹಾಗೇ ಕರೆಯುತ್ತಿದ್ದರು. ಅಂಥ ಮೇಡಂ ಸೋಮವಾರದ ಸಭೆಯಲ್ಲಿ, ಲ್ಯಾಬಿನವರೆಲ್ಲ ಮೇಜಿನ ಸುತ್ತ ಕೂತಿರುವಾಗ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನೀವು ಈ ಚಿತ್ರಗಳನ್ನ ಆರಿಸಿ ತೆಗೆದಿದ್ದೀರಾ?" ಎಂದು ಕೇಳಿದ್ದರು. ಗಟ್ಟಿಯಾಗಿಯೂ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರನ್ನು ಕೇಳುವ ಹಾಗೆ.

ಆ ಪ್ರಶ್ನೆ ಎಂಥದ್ದೆಂದು ತಿಳಿಯಬೇಕಾದರೆ ಅವಳ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಹೆದರಬೇಡಿ, ಅವಳ ಅತ್ತೆಗೇ ಅರ್ಥವಾಗಿದೆ, ನಿಮಗೆ ಆಗದೇ ಇರುತ್ತದೆಯೇ?

ಸಾಸಿವೆಗಿಂತ ಸಣ್ಣ ಬೀಜದ ಒಂದು ಕಳೆಗಿಡ. ಅದನ್ನು ಜೆಲ್ಲಿ ಹಾಕಿದ ತಟ್ಟೆಯಲ್ಲಿ ಬೆಳೆಸಿದರೆ ನೂಲಿನಂಥ ಬೇರು ನೆಟ್ಟಗೆ ಕೆಳಗಿಳಿಯುತ್ತದೆ. ಅದೇಕೆ ಉದ್ದಕ್ಕೇ ಬೆಳೆಯುತ್ತದೆ, ದಪ್ಪಗೆ ಊದಿಕೊಳ್ಳುವುದಿಲ್ಲ? ಪ್ರತಿ ಜೀವಕೋಶದ ಒಳಗೆ, ಗೋಡೆಗೆ ತಾಗಿಕೊಂಡು, ಸೂಕ್ಷ್ಮನಳಿಕೆಗಳೆಂಬ ತೀರಾ ಸಪೂರ ಕೊಳವೆಗಳು ಅಡ್ಡಡ್ಡ ಸುತ್ತಿಕೊಂಡಿರುತ್ತವೆ. ಅವು ತೋರಿಸಿದ ದಾರಿಯಲ್ಲೇ ಗೋಡೆಯ ನಾರುಗಳು ಹೆಣೆದುಕೊಳ್ಳುತ್ತವೆ. ಪೀಪಾಯಿಗೆ ಪಟ್ಟಿ ಬಿಗಿದ ಹಾಗಾಗಿ, ಕೋಶ ಅಗಲಕ್ಕೆ ಹಿಗ್ಗಲಾರದೆ ಉದ್ದಕ್ಕೆ ಬೆಳೆಯುತ್ತದೆ. ಈ ನಳಿಕೆಗಳನ್ನು ಸಾಲಾಗಿ ಹಿಡಿದಿಡುವುದಕ್ಕೆ ಪ್ರೋಟೀನುಗಳಿವೆ. ಆ ಪ್ರೋಟೀನುಗಳಿಗೆ ಒಂದು ಬಗೆಯ ಕಿಣ್ವ ಫಾಸ್ಫೇಟ್ ಅಂಟಿಸುತ್ತದೆ, ಇನ್ನೊಂದು ಬಗೆಯ ಕಿಣ್ವ ಅದನ್ನು ಕೀಳುತ್ತದೆ. ಅಂಟಿಸುವುದು ಕೀಳುವುದು, ಕೀಳುವುದು ಅಂಟಿಸುವುದು. ಎರಡೂ ಸರಿಸಮವಾಗಿ ನಡೆದರೆ ಬೇರು ನೆಟ್ಟಗೆ.

"ಅಂದ್ರೆ ಅತ್ತೆ ಸೊಸೆ ಇದ್ದ ಹಾಗೆ" ಎಂದಿದ್ದರು ಅವಳ ಅತ್ತೆ, ಇದನ್ನು ಕೇಳಿ. "ನಾನು ಇಟ್ಟಿದ್ದನ್ನ ನೀನು ಎತ್ತಿಡ್ತೀಯ, ನೀನು ಎತ್ತಿಟ್ಟಿದ್ದನ್ನ ನಾನು ತೆಗೆದಿಡ್ತೀನಿ. ಹಾಗಾಗಿ ಮನೆ ನಡೀತಿದೆ."

"ಹೂಂ ಅತ್ತೆ. ಕೀಳೋ ಕಿಣ್ವದ ಕೈ ಕಟ್ಟಿಹಾಕೋ ಔಷಧಿ ಒಂದಿದೆ. ಅದನ್ನ ಹಾಕಿದ್ರೆ ನಳಿಕೆಗಳೆಲ್ಲ ದಿಕ್ಕುಗೆಟ್ಟು ಅಡ್ಡಾದಿಡ್ಡಿ ಆಗ್ತವೆ. ಬೇರಿನ ತುದಿ ಮೂಲಂಗಿ ಥರ ಊದಿಕೊಳ್ಳುತ್ತೆ. ಅದನ್ನ ಕಂಡುಹಿಡಿದಿದ್ದೇ ನಾನು."

"ಅತ್ತೆ ಕೈ ಕಟ್ಟಿಹಾಕಿದ್ರೆ ಮನೆ ಮೂಲಂಗಿ ಆಗುತ್ತೆ ಅನ್ನು!" ಎಂದು ಅತ್ತೆ ನಕ್ಕಿದ್ದೇ ನಕ್ಕಿದ್ದು.

ಪ್ರಬಂಧ ಬರೆದಾಯಿತು, ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ್ದೂ ಆಯಿತು. ಅಲ್ಲಿನ ಪರಿಶೀಲಕರು ಒಂದೇ ಒಂದು ತಕರಾರು ತೆಗೆದರು. ಫಾಸ್ಫೇಟ್ ಅಳೆದ ಗಿಡಗಳು ಬೇರೆ, ನಳಿಕೆ ನೋಡಿದ ಗಿಡಗಳು ಬೇರೆ ಆಗಿವೆ. ಒಂದೇ ತಟ್ಟೆಯ ಗಿಡಗಳಲ್ಲಿ ಎರಡನ್ನೂ ತೋರಿಸಿ ಎಂದರು. ನ್ಯಾಯವಾದ ಮಾತೇ. ಆದರೆ ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಪಾದ ಉಳುಕಿಸಿಕೊಂಡರು. ಬೇರಮ್ಮ ರಜೆ ಹಾಕಬೇಕಾಯಿತು.

"ನೀನು ಮನೇಲಿರು, ನಾನೇ ಮಾಡ್ತೀನಿ" ಎಂದರು ದೊಡ್ಡ ಮೇಡಂ ಫೋನಿನಲ್ಲಿ. ಆಗಿನ್ನೂ 'ನೀನು' ಇತ್ತು. "ಪ್ರೋಟೀನ್ ಕೆಲಸ ನನಗೆ ಹೇಳಿಕೊಡಬೇಕಾ? ನೀನು ಹುಟ್ಟೋಕೆ ಮುಂಚೆಯಿಂದ ಮಾಡ್ತಿದ್ದೀನಿ."

ಮಾಡಿದರು. ಫಾಸ್ಫೇಟ್ ಲೆಕ್ಕ ಚಾಚೂ ತಪ್ಪದೆ ಬಂತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಳಿಕೆಗಳೇ ಇಲ್ಲ! ಅವು ಕಾಣಲೆಂದು ಹಸಿರಾಗಿ ಹೊಳೆಯುವಂತೆ ಮಾಡಿದ್ದ ಗಿಡಗಳು ಅವು. ಔಷಧಿ ಹಾಕಿದ ಬೇರಿನಲ್ಲೂ ಬರೀ ಹಸಿರು ಮಂಜು, ಹಾಕದ ಬೇರಿನಲ್ಲೂ ಬರೀ ಹಸಿರು ಮಂಜು. ಇನ್ನೊಮ್ಮೆ ಮಾಡಿದರು, ಅದೇ ಹಾಡು. ಮೇಡಂ ಕೂತು ಬೇರಮ್ಮನ ಹಳೆಯ ಚಿತ್ರಗಳನ್ನು ತೆಗೆದು ನೋಡಿದರು. ಒಂದೊಂದರಲ್ಲೂ ಗೆರೆಗಳು ಬಾಚಣಿಗೆಯಲ್ಲಿ ಬಾಚಿಟ್ಟ ಹಾಗೆ ಅಚ್ಚುಕಟ್ಟು. ಎಲ್ಲೋ ಅಪರೂಪಕ್ಕೆ ಗೆರೆ ಕಂಡ ಕೋಶಗಳನ್ನಷ್ಟೇ ಇವಳು ಹೆಕ್ಕಿ ತೆಗೆದು, ತನಗೆ ಬೇಕಾದ ಕಥೆ ಕಟ್ಟಿದಳೇ? ಆ ಅನುಮಾನದಿಂದಲೇ ಸೋಮವಾರದ ಪ್ರಶ್ನೆ ಹುಟ್ಟಿತ್ತು.

"ಇಲ್ಲ ಮೇಡಂ" ಎಂದಳು ಬೇರಮ್ಮ ಅವತ್ತು. "ಬೇಕಾದ್ರೆ ಈಗಲೇ ಮಾಡಿ ತೋರಿಸ್ತೀನಿ."

ಮಾಡಿಯೂ ತೋರಿಸಿದಳು. ಮರುದಿನ ಬೆಳಗ್ಗೆ ಬಂದು, ಬೇರು ತೆಗೆದು, ಗಾಜಿನ ಮೇಲಿಟ್ಟು ನೋಡಿದರೆ ಗೆರೆಗಳು ಎಂದಿನಂತೆ ಅಡ್ಡಡ್ಡ, ಔಷಧಿಯದರಲ್ಲಿ ಅಡ್ಡಾದಿಡ್ಡಿ. ಅವಳು ಗೆದ್ದೆ ಎಂದುಕೊಂಡು ತಿರುಗಿ ನೋಡಿದರೆ ಮೇಡಂ ಮುಖ ಇನ್ನಷ್ಟು ಬಾಡಿತ್ತು.

"ನೀವು ಮಾಡಿದ್ರೆ ಬರುತ್ತೆ. ನಾನು ಮಾಡಿದ್ರೆ ಬರಲ್ಲ. ನನ್ನ ಭಯ ಅದೇ" ಎಂದರು. "ಒಬ್ಬರ ಕೈಗೆ ಮಾತ್ರ ಬರೋದನ್ನ ವಿಜ್ಞಾನ ಅನ್ನಲ್ಲ. ಶುಕ್ರವಾರ ಪತ್ರಿಕೆಗೆ ಉತ್ತರ ಕೊಡೋಕೆ ಕೊನೇ ದಿನ. ಅಷ್ಟರಲ್ಲಿ ದಾರಿ ಕಾಣದಿದ್ರೆ ಪ್ರಬಂಧ ವಾಪಸ್ ತಗೋತೀನಿ."

ಪ್ರಬಂಧ ಹೋದರೆ ಡಾಕ್ಟರೇಟೂ ಹೋದ ಹಾಗೆ. ಅದಾದರೂ ಹೋಗಲಿ ಎನ್ನಬಹುದಿತ್ತು. 'ಚಿತ್ರ ಹೆಕ್ಕುವವಳು' ಎಂಬ ಮಾತು ಒಮ್ಮೆ ಬೆನ್ನಿಗೆ ಅಂಟಿತೆಂದರೆ ಯಾವ ಲ್ಯಾಬಿನ ಬಾಗಿಲೂ ತೆರೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮನೆಗೆ ಬಂದು ಹಳೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಕೂತಾಗ ಬೇರಮ್ಮನಿಗೇ ಅನುಮಾನ ಶುರುವಾಯಿತು. ಮಸುಕಾದ ಕೋಶಗಳನ್ನು ಬಿಟ್ಟದ್ದು ನಿಜ. ಕಣ್ಣು ಮುಚ್ಚಿರುವ ಫೋಟೊವನ್ನು ಯಾರಾದರೂ ಗೋಡೆಗೆ ಹಾಕುತ್ತಾರೆಯೇ? ಆದರೆ ಬಿಟ್ಟದ್ದೆಷ್ಟು, ಇಟ್ಟದ್ದೆಷ್ಟು? ಬೇಕೆಂದು ಮಾಡಿರಲಿಕ್ಕಿಲ್ಲ, ಕಣ್ಣೇ ತನಗೆ ಬೇಕಾದ್ದನ್ನು ನೋಡಿರಬಹುದಲ್ಲ? ಈ ಯೋಚನೆ ಹೊಕ್ಕ ಮೇಲೆ ಅವಳಿಗೆ ಗೆರೆ ಕಂಡರೂ ನಂಬಿಕೆಯಿಲ್ಲ, ಕಾಣದಿದ್ದರೂ ನಂಬಿಕೆಯಿಲ್ಲ.

ಅವಳ ಗಂಡನಿಗೆ ಕನ್ನಡಕದ ಅಂಗಡಿ. ಹೆಂಡತಿ ಹೀಗೆ ಮಂಕು ಬಡಿದವಳಂತೆ ಕೂತದ್ದನ್ನು ನೋಡಲಾರದೆ ಬುಧವಾರ ಸಂಜೆ ಅಂಗಡಿಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಚೌಕಟ್ಟು ಇಟ್ಟು, ಎದುರಿನ ಹಲಗೆಯ ಅಕ್ಷರಗಳನ್ನು ಓದಿಸಿದ. ಕೊನೆಯ ಸಾಲಿನವರೆಗೂ ಅವಳು ಗಡಗಡ ಓದಿದಳು.

"ನಿನ್ನ ಕಣ್ಣಲ್ಲಿ ಏನೂ ದೋಷ ಇಲ್ಲ ಕಣೇ. ನಿಮ್ಮ ಮೇಡಮ್ಮನ್ನ ಕಳಿಸು, ಅವರದ್ದು ನೋಡೋಣ."

"ಅಯ್ಯೋ ಸುಮ್ನಿರ್ರೀ. ಅವರು ತಪ್ಪು ನೋಡೋರಲ್ಲ."

"ನೀನೂ ಸುಳ್ಳು ನೋಡೋಳಲ್ಲ. ಇಬ್ರೂ ಸರಿ ಅಂದ್ಮೇಲೆ ಮಧ್ಯದಲ್ಲಿ ಏನೋ ಇದೆ."

ಅವನಿಗೆ ಅದು ಹೆಂಡತಿಗೆ ಸಮಾಧಾನ ಹೇಳುವ ಮಾತು, ಅಷ್ಟೇ. ಅವಳು ಮಾತ್ರ ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅತ್ತೆ ಸೋಫಾದ ಮೇಲೆ ಕಾಲು ಚಾಚಿಕೊಂಡು, ಪಾದದ ಮೇಲೆ ಐಸ್ ಚೀಲ ಇಟ್ಟುಕೊಂಡು, ಮುಖ ಹುಳ್ಳಗೆ ಮಾಡಿಕೊಂಡಿದ್ದರು. ಡಾಕ್ಟರು ಊತ ಇಳಿಯುವವರೆಗೆ ಐಸ್ ಇಡಿ ಎಂದಿದ್ದರು. ಸೊಸೆ ದಿನಾ ಬೆಳಗ್ಗೆ ಸಂಜೆ ಇಡುತ್ತಿದ್ದಳು. ಅವತ್ತು ಸೊಸೆ ಹೊರಗೆ ಹೋಗಿ ಬರುವವರೆಗೂ ಅತ್ತೆ ಅದನ್ನು ತೆಗೆದೇ ಇರಲಿಲ್ಲ.

"ಪಾದ ನನ್ನದೋ ಪಕ್ಕದ ಮನೆಯವರದೋ ಗೊತ್ತಾಗ್ತಿಲ್ಲ ಕಣೇ" ಎಂದರು. "ಬೆರಳು ಆಡಿಸ್ತೀನಿ ಅಂದ್ಕೋತೀನಿ, ಅದು ಆಡಲ್ಲ ಅನ್ನುತ್ತೆ."

ಬೇರಮ್ಮ ಚೀಲ ತೆಗೆದು, ಪಾದವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಮೆಲ್ಲಗೆ ಉಜ್ಜಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳು ಅಲುಗಾಡಿದವು.

"ಎಲ್ಲ ನನ್ನ ಹಾಳು ಕಾಲಿಂದ ಆಗಿದ್ದು" ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. "ನಾನು ಬೀಳದೇ ಇದ್ದಿದ್ರೆ ನೀನು ರಜೆ ಹಾಕ್ತಿರಲಿಲ್ಲ. ನೀನೇ ಮಾಡಿದ್ರೆ ಸರಿಯಾಗಿ ಬರ್ತಿತ್ತು."

"ನಾನೇ ಮಾಡಿದ್ರೆ ಬರುತ್ತೆ ಅನ್ನೋದೇ ಅತ್ತೆ ತೊಂದರೆ" ಎಂದಳು. ಹಾಗೆನ್ನುತ್ತಿದ್ದಂತೆ ಏನು ಮಾಡಬೇಕೆಂದು ಹೊಳೆಯಿತು. ತಾನು ಮಾಡಿ ತೋರಿಸಿದ್ದು ಸಾಕು. ಮೇಡಂ ಹೇಗೆ ಮಾಡುತ್ತಾರೆಂದು ತಾನು ಒಮ್ಮೆಯೂ ನೋಡಿಲ್ಲವಲ್ಲ!

ಮರುದಿನ ಮೇಡಂ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. "ನೀವು ಇನ್ನೊಂದ್ಸಲ ಮಾಡಿ ಮೇಡಂ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಏನೂ ಮುಟ್ಟಲ್ಲ. ಆಮೇಲೂ ಬರದೇ ಇದ್ರೆ ವಾಪಸ್ ಪತ್ರ ನಾನೇ ಬರೆದುಕೊಡ್ತೀನಿ."

ಮೇಡಂ ಕಾಗದಗಳಿಂದ ತಲೆಯೆತ್ತಿದರು. ಅವರಿಗೂ ನಿದ್ದೆಯಿರಲಿಲ್ಲ ಎಂಬುದು ಕಣ್ಣಿನ ಕೆಳಗೆ ಬರೆದಿತ್ತು. "ಬನ್ನಿ. ಕೈ ಕಟ್ಟಿಕೊಂಡು ಕೂತ್ಕೊಳ್ಳಿ" ಎಂದರು.

ಅಬ್ಬಾ, ಏನು ಕೈ ಅವರದು! ಎಷ್ಟೋ ವರ್ಷಗಳಿಂದ ಆಫೀಸಿನ ಕಾಗದಗಳಲ್ಲಿ ಮುಳುಗಿದ್ದರೂ ಕೈ ಕೆಲಸ ಮರೆತಿರಲಿಲ್ಲ. ಚಿಮುಟದಿಂದ ಮೊಳಕೆಗಳನ್ನು ಜೆಲ್ಲಿಯಿಂದ ಬಿಡಿಸುವಾಗ ಒಂದು ಬೇರೂ ಮುರಿಯಲಿಲ್ಲ. ಮೊಳಕೆಗಳಲ್ಲಿ ಅರ್ಧ ಅರೆದು ಫಾಸ್ಫೇಟ್ ಅಳೆಯುವುದಕ್ಕೆ, ಉಳಿದರ್ಧ ಸೂಕ್ಷ್ಮದರ್ಶಕಕ್ಕೆ ಎಂದು ಸಣ್ಣ ಸಣ್ಣ ಕೊಳವೆಗಳಿಗೆ ಹಾಕಿದರು. ಬೇರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ನೀರು ಅದೇ, ಔಷಧಿ ಅದೇ, ಅಳತೆ ಅದೇ. ತಪ್ಪು ಹುಡುಕಿದರೆ ಭೂತಗನ್ನಡಿಗೂ ಸಿಗದು. ಹಾಗಾದರೆ ಸುಳ್ಳು ನೋಡಿದವಳು ನಾನೇ ಎಂದುಕೊಂಡಳು.

ಮೇಡಂ ಮೊದಲರ್ಧವನ್ನು ಅರೆದು ಮುಗಿಸುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಉಳಿದ ಕೊಳವೆಯಿಂದ ಒಂದು ಬೇರನ್ನು ತೆಗೆದು ಗಾಜಿನ ಮೇಲೆ ಇಟ್ಟು, ಮೇಲೆ ತೆಳು ಗಾಜು ಮುಚ್ಚಿದರು. ಗಾಜನ್ನು ಬೆಳಕಿಗೆ ಹಿಡಿದು, "ಥೂ, ಇದೊಂದು" ಎಂದು ಗೊಣಗಿ, ತೆಳು ಕಾಗದದಿಂದ ಅದರ ಬೆನ್ನು ಒರೆಸಿದರು. ಇನ್ನೊಮ್ಮೆ ಹಿಡಿದು ಮತ್ತೆ ಒರೆಸಿದರು.

ಗಾಜು ಬೆವರಿತ್ತು.

ಬೇರಮ್ಮ ಆ ಗಾಜನ್ನು ನೋಡಿದಳು. ಆಮೇಲೆ ಮೇಡಂ ಎಡಗೈ ಪಕ್ಕದಲ್ಲಿದ್ದ ಡಬ್ಬಿಯನ್ನು ನೋಡಿದಳು. ಬಿಳಿ ಥರ್ಮಾಕೋಲ್ ಡಬ್ಬಿ. ಅದರ ತುಂಬ ಪುಡಿ ಐಸು. ಐಸಿನಲ್ಲಿ ಅರೆದ ಮೊಳಕೆಯ ಕೊಳವೆಗಳು ಕುತ್ತಿಗೆವರೆಗೆ ಹೂತಿದ್ದವು. ಅವುಗಳ ಪಕ್ಕದಲ್ಲೇ ಇನ್ನೂ ಜೀವಂತ ಇರುವ ಮೊಳಕೆಗಳ ಕೊಳವೆ. ಐಸಿನ ಮೇಲೊಂದು ತಗಡು, ತಗಡಿನ ಮೇಲೆ ಸಾಲಾಗಿ ಗಾಜುಗಳು. ಇಷ್ಟು ಹೊತ್ತೂ ಆ ಡಬ್ಬಿ ಅವಳ ಕಣ್ಣೆದುರಿಗೇ ಇತ್ತು. ಕಂಡಿರಲೇ ಇಲ್ಲ. ಪ್ರೋಟೀನ್ ಲ್ಯಾಬಿನಲ್ಲಿ ಐಸ್ ಡಬ್ಬಿಯನ್ನು ಯಾರು ತಾನೇ ಗಮನಿಸುತ್ತಾರೆ, ಅಡುಗೆಮನೆಯಲ್ಲಿ ಒಲೆಯನ್ನು ಗಮನಿಸುತ್ತಾರೆಯೇ? ಬೇರು ಅರೆದ ಕೂಡಲೇ ಕೀಳುವ ಕಿಣ್ವ ಮೈಮೇಲೆ ಬಂದಂತೆ ಫಾಸ್ಫೇಟುಗಳನ್ನೆಲ್ಲ ಕಿತ್ತುಹಾಕುತ್ತದೆ, ಐಸಿನಲ್ಲಿಟ್ಟರೆ ಮಾತ್ರ ತೆಪ್ಪಗಿರುತ್ತದೆ. ಹಾಗಾಗಿ ಪ್ರೋಟೀನ್ ಕೆಲಸದವರು ಮೊದಲು ಐಸ್ ತರುತ್ತಾರೆ, ಆಮೇಲೆ ಉಸಿರಾಡುತ್ತಾರೆ.

ಆದರೆ ಸೂಕ್ಷ್ಮನಳಿಕೆಗೆ ಚಳಿ ಆಗದು. ಐಸಿನಲ್ಲಿಟ್ಟರೆ ಬಿಡಿಬಿಡಿಯಾಗಿ ಕಳಚಿ ಕರಗಿಹೋಗುತ್ತದೆ. ಇದು ಬೇರಮ್ಮನಿಗೆ ಗೊತ್ತು. ಮೇಡಂಗೂ ಗೊತ್ತು, ವರ್ಷವರ್ಷ ತರಗತಿಯಲ್ಲಿ ಪಾಠ ಹೇಳಿದವರೇ ಅವರು. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಬೇರಮ್ಮ ಯಾವತ್ತೂ ಎರಡು ಕೆಲಸವನ್ನು ಒಂದೇ ದಿನ ಮಾಡಿರಲಿಲ್ಲವಾದ್ದರಿಂದ ಅವಳ ಮೊಳಕೆಗಳು ಐಸಿನ ಮುಖ ಕಂಡಿರಲಿಲ್ಲ.

ಪಾದ ನನ್ನದೋ ಪಕ್ಕದ ಮನೆಯವರದೋ ಎಂದಿದ್ದ ಅತ್ತೆಯ ನೆನಪಾಯಿತು, ಉಜ್ಜಿ ಬಿಸಿ ತಂದ ಮೇಲೆ ಆಡಿದ ಬೆರಳುಗಳ ನೆನಪೂ ಆಯಿತು. ಕೂಗಬೇಕೆನ್ನಿಸಿತು. ಆದರೆ ಏನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕಟ್ಟಿದ ಕೈ ಬಿಚ್ಚಲಿಲ್ಲ.

ಮೇಡಂ ಸೂಕ್ಷ್ಮದರ್ಶಕದ ಕೋಣೆಗೆ ಹೋಗಿ ಗಾಜನ್ನಿಟ್ಟು, ಪರದೆಯ ಮೇಲೆ ನೋಡಿ, ನಿಟ್ಟುಸಿರು ಬಿಟ್ಟರು. ಹಸಿರು ಮಂಜು. "ಔಷಧಿ ಹಾಕದ ಬೇರು ಇದು. ನೀವೇ ನೋಡಿ" ಎಂದು ಗಾಜು ತೆಗೆಯಲು ಕೈ ಚಾಚಿದರು.

"ತೆಗೀಬೇಡಿ ಮೇಡಂ!" ಬೇರಮ್ಮ ಕೂಗಿಯೇ ಬಿಟ್ಟಳು. "ಅದನ್ನ ಹಾಗೇ ಬಿಡಿ. ಸ್ವಲ್ಪ ಹೊತ್ತು ಕಾಯೋಣ."

"ಯಾಕೆ?"

"ಗಾಜು ಬೆವರ್ತಿತ್ತು ಮೇಡಂ."

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ತಮ್ಮ ಬೆರಳ ತುದಿ ನೋಡಿಕೊಂಡರು, ಇನ್ನೂ ತಣ್ಣಗೆ ಕೆಂಪಗಿತ್ತು. ಬಾಗಿಲಾಚೆ ಮೇಜಿನ ಮೇಲಿದ್ದ ಬಿಳಿ ಡಬ್ಬಿಯತ್ತ ತಿರುಗಿದರು. ಅವರ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ ಸ್ಟೂಲ್ ಎಳೆದುಕೊಂಡು ಬೇರಮ್ಮನ ಪಕ್ಕ ಕೂತರು.

ಇಬ್ಬರೂ ಕಾದರು. ಕೋಣೆಯಲ್ಲಿ ಯಂತ್ರದ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಪರದೆಯ ಮೇಲೆ ಮಂಜು ಮಂಜಾಗಿಯೇ ಇತ್ತು. ಬರದಿದ್ದರೆ? ಬೇರಮ್ಮ ಮನಸ್ಸಿನಲ್ಲೇ ವಾಪಸ್ ಪತ್ರದ ಮೊದಲ ಸಾಲು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಆಗ ಮಂಜಿನಲ್ಲಿ ಒಂದು ಚುಕ್ಕೆ ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡಳು. ತನ್ನ ಕಣ್ಣನ್ನು ಅವಳು ನಂಬುವುದು ಬಿಟ್ಟು ದಿನಗಳಾಗಿದ್ದವು.

"ಅಲ್ಲಿ" ಎಂದರು ಮೇಡಂ ಪಿಸುದನಿಯಲ್ಲಿ, ಬೆರಳು ತೋರಿಸಿ. "ಅಲ್ಲೊಂದು. ನೋಡು, ಅಲ್ಲೊಂದು."

ಚುಕ್ಕೆ ಗೀಟಾಯಿತು. ಗೀಟಿನ ಪಕ್ಕ ಇನ್ನೊಂದು ಗೀಟು. ಮೊದಮೊದಲು ದಾರಿ ತಪ್ಪಿದವರ ಹಾಗೆ ಅತ್ತ ಇತ್ತ ಹೊರಳಿದವು. ಆಮೇಲೆ ಒಂದನ್ನೊಂದು ನೋಡಿ ಸಾಲು ಹಿಡಿದವು. ನೋಡನೋಡುತ್ತಿದ್ದಂತೆ ಒಂದು ಕೋಶವಲ್ಲ, ಎರಡು ಕೋಶವಲ್ಲ, ಪರದೆಯ ತುಂಬ ಇದ್ದ ಅಷ್ಟೂ ಕೋಶಗಳಲ್ಲಿ ಹಸಿರು ಗೆರೆಗಳು ಅಡ್ಡಡ್ಡ ಬಂದು ನಿಂತವು. ಹೆಕ್ಕುವ ಪ್ರಶ್ನೆಯೇ ಇರಲಿಲ್ಲ, ಹೆಕ್ಕಿ ಬಿಡಲು ಒಂದೂ ಇರಲಿಲ್ಲ. ಔಷಧಿ ಹಾಕಿದ ಬೇರನ್ನೂ ಇಟ್ಟು ಹಾಗೇ ಕಾದರು. ಅದರಲ್ಲೂ ಗೆರೆಗಳು ಬಂದವು. ಬಂದು, ಎಷ್ಟು ಹೊತ್ತಾದರೂ ಸಾಲು ಹಿಡಿಯದೆ, ಚೆಲ್ಲಿದ ಕಡ್ಡಿಗಳ ಹಾಗೆ ಅಡ್ಡಾದಿಡ್ಡಿಯಾಗಿಯೇ ಉಳಿದವು.

"ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ!" ಎಂದು ಮೇಡಂ ಹಣೆ ಬಡಿದುಕೊಂಡರು. "ಪಾಪದ ಜೀವಗಳನ್ನ ಐಸಲ್ಲಿ ಹೂತಿಟ್ಟು, ಎಲ್ಲಿ ಎಲ್ಲಿ ಅಂತ ಹುಡುಕಿದ್ನಲ್ಲೇ!"

ಇಷ್ಟು ದಿನ ಬೇರಮ್ಮನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಾಗ ಮೊದಲು ಬಂದದ್ದು ಸಂತೋಷವಲ್ಲ, ಹಸಿವು. ಅವಳ ಹೊಟ್ಟೆ ಆ ನಿಶ್ಶಬ್ದದಲ್ಲಿ ಗುಡುಗುಟ್ಟಿತು. ಇಬ್ಬರೂ ನಕ್ಕರು. ನಗುತ್ತಲೇ ಅವಳಿಗೆ ಅಳು ಬಂತು.

ಶುಕ್ರವಾರ ಬೆಳಗ್ಗೆ ಮೇಡಂ ಎಲ್ಲರನ್ನೂ ಅದೇ ಮೇಜಿನ ಸುತ್ತ ಕರೆದರು. ಮಧ್ಯದಲ್ಲಿ ಖಾಲಿ ಥರ್ಮಾಕೋಲ್ ಡಬ್ಬಿಯನ್ನು ತಂದಿಟ್ಟರು. "ಇವನೇ ಕಳ್ಳ" ಎಂದರು. ಏನಾಯಿತೆಂದು ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಸೋಮವಾರ ಇದೇ ಕುರ್ಚೀಲಿ ಕೂತು, ನಿಮ್ಮೆಲ್ಲರ ಮುಂದೆ, ಇವಳನ್ನ ಒಂದು ಮಾತು ಕೇಳಿದೆ. ಕೇಳೋ ಮುಂಚೆ ನನ್ನ ಕೈಯನ್ನ ಕೇಳ್ಬೇಕಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ವಾಪಸ್ ತಗೊಳ್ಳೋಕೆ ಆಗಲ್ಲ. ತಪ್ಪಾಯ್ತು ಅಂತ ಅದೇ ಕುರ್ಚೀಲಿ ಕೂತು ಹೇಳೋಕೆ ಆಗುತ್ತೆ. ಹೇಳ್ತಿದ್ದೀನಿ." ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. "ಏ ಬೇರಮ್ಮ, ಏನ್ ಹಾಗೆ ನೋಡ್ತಾ ಕೂತಿದ್ದೀಯ? ಸಂಜೆಯೊಳಗೆ ಉತ್ತರ ಹೋಗ್ಬೇಕು. ಎದ್ದೇಳು, ಚಿತ್ರ ಜೋಡಿಸು!"

ಬೇರಮ್ಮ ಎದ್ದಳು. ಯಾರೂ ನೋಡದಂತೆ ಕಣ್ಣೊರೆಸಿಕೊಂಡಳು ಎಂದುಕೊಂಡಳು. ಎಲ್ಲರೂ ನೋಡಿದರು.

ಸಂಜೆ ಮನೆಗೆ ಬಂದರೆ ಅತ್ತೆ ಅದೇ ಸೋಫಾದ ಮೇಲೆ, ಪಾದದ ಮೇಲೆ ಅದೇ ಐಸ್ ಚೀಲ. ಅದನ್ನು ಕಂಡದ್ದೇ ಬೇರಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ಬಿದ್ದು ಬಿದ್ದು ನಕ್ಕಳು.

"ಏನಾಯ್ತೇ? ಪತ್ರ ಹೋಯ್ತಾ? ಅಯ್ಯೋ, ತಲೆ ಕೆಟ್ಟೋಯ್ತಾ ಇವಳಿಗೆ?" ಅತ್ತೆ ಗಾಬರಿಯಾಗಿ ಏಳಲು ಹೋದರು.

"ಹೋಯ್ತು ಅತ್ತೆ. ಉತ್ತರದ ಪತ್ರ ಹೋಯ್ತು, ವಾಪಸ್ ಪತ್ರ ಅಲ್ಲ. ಎಲ್ಲ ಸರಿಹೋಯ್ತು. ನೀವು ಬಿದ್ದಿದ್ದೇ ಒಳ್ಳೇದಾಯ್ತು."

"ಆಹಾ! ಇಂಥ ಸೊಸೆ ಎಲ್ಲಿ ಸಿಗ್ತಾಳೆ ನೋಡಿ!" ಎಂದರು ಅತ್ತೆ. ಬೈಯಬೇಕೋ ನಗಬೇಕೋ ತಿಳಿಯದೆ ಕೊನೆಗೆ ನಕ್ಕರು. ಕಣ್ಣು ಮಾತ್ರ ತುಂಬಿಕೊಂಡಿತು. "ಹಾಗಾದ್ರೆ ನಿಮ್ಮ ಮೇಡಂ ಈಗ ನಿನ್ನನ್ನ ಏನಂತ ಕರೀತಾರೆ?"

"ಬೈದ್ರು ಅತ್ತೆ. ಎಲ್ಲರ ಮುಂದೆ ಏ ಬೇರಮ್ಮ ಅಂತ ಬೈದ್ರು" ಎಂದಳು, ಬಹುಮಾನ ಬಂದವಳ ಹಾಗೆ.

ಅವಳು ನೆಲದ ಮೇಲೆ ಕೂತು ಐಸ್ ಚೀಲವನ್ನು ಪಕ್ಕಕ್ಕಿಟ್ಟಳು. ಮರಗಟ್ಟಿದ ಪಾದವನ್ನು ಮಡಿಲಿಗೆ ತೆಗೆದುಕೊಂಡು ಉಜ್ಜತೊಡಗಿದಳು. ಅತ್ತೆ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು.

"ಬರ್ತಾ ಇದೆಯಾ ಅತ್ತೆ?"

"ತಡಿಯೇ, ಅವಸರ ಮಾಡ್ಬೇಡ" ಎಂದರು ಅತ್ತೆ. "ಬರುತ್ತೆ."